ಆರ್‌15 ಬಿಟ್ಟು ಹಿಮಾಲಯನ್?

ಪ್ರಶ್ನೆ: ಐದು ವರ್ಷದಿಂದ ಯಮಹಾ ಆರ್‌15 ಬೈಕ್ ಓಡಿಸುತ್ತಿದ್ದೇನೆ. ಬಗ್ಗಿ ಕೂತು ಕೂತು ಸೊಂಟ ಹಿಡಿದುಹೋಗಿದೆ. ನಮ್ಮನೆಯ ಮಣ್ಣುರಸ್ತೆಯಂತೂ ಮಳೆಗಾಲದಲ್ಲಿ ಗದ್ದೆಯೇ ಸರಿ. ಸೆಕೆಂಡ್‌ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೊಳ್ಳಬಹುದಾ ಸಾರ್?
– ಓದುಗ, ತೀರ್ಥಹಳ್ಳಿ

ಉತ್ತರ: ಧಾರಾಳವಾಗಿ ತಗೊಳ್ಳಿ. ಆದರೆ ಹಾರುತ್ತದೆ ಅಂದುಕೊಳ್ಳಬೇಡಿ, ಇರುವುದು ಸುಮಾರು 24 ಎಚ್‌ಪಿ ಅಷ್ಟೇ. ತೂಕ ಮಾತ್ರ 200 ಕೆಜಿ ಹತ್ತಿರ, ನಿಮ್ಮ ಗಾಡಿಗಿಂತ 50 ಕೆಜಿ ಜಾಸ್ತಿಯೇ. ಕೆಸರಲ್ಲಿ ಮಲಗಿದರೆ ಎತ್ತಲು ಪಕ್ಕದ ಮನೆಯವರನ್ನು ಕೂಗಬೇಕಾದೀತು! ಆದರೂ 21 ಇಂಚಿನ ಮುಂದಿನ ಚಕ್ರ ಗುಂಡಿಗೆ ಹೆದರುವುದಿಲ್ಲ, ಮತ್ತೆ ಆಗುಂಬೆಯ 14 ತಿರುವು ಹತ್ತುವಾಗ ಆರ್‌15 ತರ ಪದೇ ಪದೇ ಗೇರ್ ಇಳಿಸಿ ಎಂಜಿನ್ ಕಿರುಚಿಸಬೇಕಿಲ್ಲ, ಕಡಿಮೆ ಆರ್‌ಪಿಎಂನಲ್ಲೇ ಆರಾಮಾಗಿ ಎಳೆಯುತ್ತದೆ.

2016ರ ಕಾರ್ಬುರೇಟರ್ ಗಾಡಿ ಬಿಡಿ, ಫ್ಯೂಯಲ್ ಇಂಜೆಕ್ಷನ್ ಇರುವುದನ್ನೇ ಹುಡುಕಿ. ನೋಡಲು ಹೋದಾಗ ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಿನಿಂದ ಒತ್ತಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಲಿ, ನೀವು ಹ್ಯಾಂಡಲ್ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ. ನಡುವೆ ಟಕ್ ಅಂತ ಸಿಕ್ಕಿಕೊಂಡರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದೆ ಅಂತಲೇ ಅರ್ಥ, ರೇಟು ಇಳಿಸಿ ಮಾತಾಡಿ. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಶಾಕ್ ಕೊಳವೆ) ಮೇಲೆ ಬೆರಳಾಡಿಸಿ, ಎಣ್ಣೆ ಅಂಟಿದರೆ ಸೋರುತ್ತಿದೆ ಅಂತ, ರೇಟು ಇನ್ನೂ ಸ್ವಲ್ಪ ಇಳಿಸಿ.