ಗಾಡಿ ಮಾತು: ಹಳೆ ಆರಿಯಾ ತಗೋಬಹುದಾ?

ಪ್ರಶ್ನೆ: ನಾವು ಮನೆಯಲ್ಲಿ ಆರು ಜನ. ಇರೋದು ಧಾರವಾಡದ ಸಪ್ತಾಪುರದಲ್ಲಿ, ಹೊಲ ನವಲಗುಂದದ ಕಡೆ. ಹುಬ್ಬಳ್ಳಿಯಲ್ಲಿ 2011ರ ಟಾಟಾ ಆರಿಯಾ ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿ) ಮಾರಾಟಕ್ಕಿದೆ. ಮಳೆಗಾಲದಲ್ಲಿ ಹೊಲಕ್ಕೂ ಆಯಿತು, ರಜೆಯಲ್ಲಿ ಗೋಕರ್ಣಕ್ಕೂ ಆಯಿತು ಅಂತ ಆಸೆ. ತಗೊಳ್ಳಲಾ ಸರ್?

ಉತ್ತರ: ಗೋಕರ್ಣಕ್ಕೆ ಧಾರಾಳವಾಗಿ ಹೋಗಿ. ಹೊಲದ ಆಸೆ ಬಿಡಿ.

ಕಂಪನಿಯವರು ಇದನ್ನು ಕ್ರಾಸ್‌ಓವರ್, ಅಂದರೆ ಕಾರು-ಜೀಪುಗಳ ಬೆರಕೆ ಅಂದರು. 1990ರ ದಶಕದ ಟಾಟಾ ಎಸ್ಟೇಟ್ ನೋಡಿದ ನನ್ನಂಥವರ ಕಣ್ಣಿಗೆ ಇದೂ ಹಿಂದಿನವರೆಗೆ ಚಾವಣಿ ಚಾಚಿದ ಉದ್ದನೆಯ ಎಸ್ಟೇಟ್ ಕಾರೇ. ಗೆಳೆಯರೊಬ್ಬರ ಬಳಿ ಇದೇ ಗಾಡಿ ಇದೆ. ಹೋದ ಮಳೆಗಾಲದಲ್ಲಿ ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲಾದವರೆಗೆ ನಾನೇ ಓಡಿಸಿದೆ. ಎರಡು ಟನ್ ಮೀರಿದ ಭಾರ. ಗೋಕುಲ ರೋಡಿನ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋಲುತ್ತದೆ. ಕಲಘಟಗಿ ದಾಟಿದ ಮೇಲೆ ನೋಡಿ, ಅದೇ ಭಾರ ಅನುಕೂಲವಾಗುತ್ತದೆ. ತಗ್ಗು ಹಾರಿದರೂ ಒಳಗೆ ಕುಲುಕಾಟ ಕಮ್ಮಿ. ಹಿಂದೆ ಕೂತು ನಿದ್ದೆ ಹೋದ ಗೆಳೆಯರ ತಾಯಿಯವರು ಯಲ್ಲಾಪುರದ ಚಹಾದ ಅಂಗಡಿ ಬರೋವರೆಗೂ ಏಳಲಿಲ್ಲ. 2.2 ಲೀಟರ್ ಡೀಸೆಲ್ ಎಂಜಿನ್, 140 ಕುದುರೆ ಶಕ್ತಿ. ಆದರೂ ಕಡಿಮೆ ವೇಗದಲ್ಲಿ ಸ್ವಲ್ಪ ಮಂದ. ಲಾರಿಯನ್ನು ಹಿಂದೆ ಹಾಕುವ ಮೊದಲು ಒಂದು ಗೇರ್ ಇಳಿಸಿಕೊಳ್ಳಬೇಕು. ಮೂರೂ ಸಾಲು ತುಂಬಿದರೆ ಡಿಕ್ಕಿಯಲ್ಲಿ ಜಾಗವೇ ಉಳಿಯಲ್ಲ, ನಿಮ್ಮ ಆರು ಜನರ ಬ್ಯಾಗು ಎಲ್ಲಿಡೋದು ಅಂತ ಈಗಲೇ ಯೋಚಿಸಿ.

ಈ ಗಾಡಿಯ ಗಮ್ಮತ್ತು ಗೊತ್ತಾಗಿದ್ದು ವಾಪಸು ಅರಬೈಲ್ ಘಟ್ಟ ಹತ್ತುವಾಗ. ಒಂದು ತಿರುವಿನಲ್ಲಿ ಗುಡ್ಡದ ಕೆಮ್ಮಣ್ಣು ರಸ್ತೆಗೆ ಹರಿದು ಬಂದಿತ್ತು. ಹಿಂದಿನ ಗಾಲಿ ಒಮ್ಮೆ ಜಾರಿತು. ಅಷ್ಟರಲ್ಲಿ ಮುಂದಿನವು ಎಳೆದುಕೊಂಡವು, ಗಾಡಿ ಸುಮ್ನೆ ಮೇಲೆ ಹೋಯಿತು. ಫೋರ್ ಬೈ ಫೋರ್ ಹಾಕಲು ಲಿವರ್ ಎಳೆಯುವ ಕೆಲಸವಿಲ್ಲ. ಮಾಮೂಲಿಯಾಗಿ ಹಿಂದಿನ ಗಾಲಿಗಳೇ ತಳ್ಳುತ್ತವೆ. ಅವು ಜಾರಿದರೆ ಒಳಗಿನ ಎಲೆಕ್ಟ್ರಾನಿಕ್ ಕ್ಲಚ್ ಮುಂದಕ್ಕೂ ಶಕ್ತಿ ಕೊಡುತ್ತದೆ. ಇಳಿಯುವಾಗ ಮಾತ್ರ ಇದನ್ನು ನಂಬಿ ಜೋರಾಗಿ ಹೋಗಬೇಡಿ. ಬ್ರೇಕ್ ಎಲ್ಲ ಕಾರುಗಳಿಗೂ ನಾಲ್ಕು ಗಾಲಿಗೇ ಇರುತ್ತದೆ ಅಲ್ವಾ? ಇಲ್ಲಿ ನಿಲ್ಲಿಸಬೇಕಾದ ಭಾರ ಜಾಸ್ತಿ.

ಇನ್ನು ನವಲಗುಂದದ ಎರೆ. ಹಸಿ ಎರೆಮಣ್ಣು ಟೈರಿನ ಸಂದಿಯಲ್ಲೆಲ್ಲ ಮೆತ್ತಿಕೊಂಡರೆ ಟೈರ್ ಬೋಳಾದ ಹಾಗೇ ಲೆಕ್ಕ. ಎರಡು ಗಾಲಿ ಹೂಳುವ ಕಡೆ ನಾಲ್ಕೂ ಹೂಳುತ್ತವೆ. ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ಗೇರ್ ಬೇರೆ ಇದಕ್ಕಿಲ್ಲ. ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಕರೆಯಬೇಕು. ಡಾಂಬರು ಮುಗಿದಲ್ಲಿ ನಿಲ್ಲಿಸಿ ನಡೆದು ಹೋಗಿ.

ನೋಡಲು ಹೋದಾಗ ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಗಾಡಿ ಹಿಡಿದುಕೊಂಡಂತೆ ಅನಿಸಿದರೆ, ಕಟಕಟ ಸದ್ದು ಬಂದರೆ ಬಿಟ್ಟುಬಿಡಿ. ಎಂಜಿನ್ ಟಾಟಾ ಸಫಾರಿಯ ಡೈಕಾರ್ ಅನ್ನೋ ಡೀಸೆಲ್ ಎಂಜಿನ್ ಬಳಗದ್ದು, ನಮ್ಮ ಮೆಕ್ಯಾನಿಕ್‌ಗಳ ಕೈ ಪಳಗಿದೆ. ಫೋರ್ ಬೈ ಫೋರ್ ಸಾಮಾನಿನ ಕಥೆ ಹಾಗಲ್ಲ, ಹುಡುಕಬೇಕು. 2026ಕ್ಕೆ ಗಾಡಿಗೆ 15 ವರ್ಷ. ಆರ್‌ಸಿ ನವೀಕರಣಕ್ಕೆ ಆರ್‌ಟಿಒದಲ್ಲಿ ಫಿಟ್‌ನೆಸ್ ಆಗಬೇಕು. ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ.

ಪ್ರಶ್ನೆ: ನನ್ನದೂ ನಾಲ್ಕೂ ಗಾಲಿ ಎಳೆಯುವ ಕಾರು. ಹಿಂದಿನ ಎರಡು ಟೈರ್ ಮಾತ್ರ ಸವೆದಿವೆ. ಎರಡೇ ಹೊಸದು ಹಾಕಿಸಿದರೆ ನಡೆಯುತ್ತಾ? (ಗದಗದ ಓದುಗರು)

ಉತ್ತರ: ಬೇಡ. ಹೊಸ ಟೈರಿನ ಸುತ್ತಳತೆ ಸವೆದದ್ದಕ್ಕಿಂತ ಜಾಸ್ತಿ. ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ. ಶಕ್ತಿ ಹಂಚುವ ನಡುವಿನ ಕ್ಲಚ್ ಸದಾ ತಿಕ್ಕಿ ತಿಕ್ಕಿ ಬಿಸಿಯಾಗುತ್ತದೆ. ನಾಲ್ಕನ್ನೂ ಒಟ್ಟಿಗೇ ಬದಲಿಸಿ, ಒಂದೇ ಕಂಪನಿ, ಒಂದೇ ಸೈಜ್. ದಾರಿಯಲ್ಲಿ ಕೆಟ್ಟು ನಿಂತರೂ ಎರಡು ಗಾಲಿ ಎತ್ತಿ ಎಳೆಸಬೇಡಿ, ಪೂರ್ತಿ ಮೇಲೆ ಹೇರಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.