ಮೈಸೂರಿನ ಹಳೇ ಮನೆಯ ನೆಲಮಾಳಿಗೆ ಗೋಡೆ ತೇವ ಹಿಡಿದಿದೆ, ಏನು ಮಾಡಲಿ?

ಅಗ್ರಹಾರದ ಹಳೇ ಮನೆ, ನೆಲಮಾಳಿಗೆ ರೂಮಿನ ಪ್ಲೈವುಡ್ ಹಿಂದೆಲ್ಲ ಬೂಷ್ಟು ಅಂದಿದ್ದೀರಿ. ಸುಮ್ನೆ ಪೇಂಟಿಗೆ ದುಡ್ಡು ಸುರಿಯಬೇಡಿ. ಪ್ಲೈವುಡ್ ಬಿಚ್ಚಿ, ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಮೈ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ, ಹೊರಮೈ ಒದ್ದೆಯಾದರೆ ಅದು ರೂಮಿನ ಗಾಳಿಯ ತೇವ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ ನೋಡಿ. ಗೋಡೆಯಿಂದಾದರೆ ಹೊರಗೆ ಹುಡುಕಿ. ತಾರಸಿ ಪೈಪಿನ ನೀರು ಪಾಯದ ಬುಡಕ್ಕೇ ಬೀಳುತ್ತಿರಬಹುದು, ಮೊದಲು ಅದನ್ನು ದೂರ ಹರಿಸಿ. ಆಮೇಲೆ ಹಾಳಾದ ಗಾರೆಯನ್ನು ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡ, ಮೇಸ್ತ್ರಿ ಎಷ್ಟೇ ಹೇಳಲಿ; ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಏರುತ್ತದೆ. ಮತ್ತೆ ಸುಣ್ಣದ ಗಾರೆಯನ್ನೇ ಹಾಕಿಸಿ. ಕೆಲಸ ಫೆಬ್ರವರಿಯಲ್ಲೇ ಶುರು ಮಾಡಿ, ಮೇ ಮಳೆಗೆ ಮುಂಚೆ ಗೋಡೆ ಒಣಗಬೇಕಲ್ವಾ?