ಅಪ್ಪನ ಒಮೇಗಾಗೆ ಹೊಸ ಬಣ್ಣ ಬೇಡ

ಪ್ರಶ್ನೆ: ನಮ್ಮಪ್ಪ 1971ರಲ್ಲಿ ಕುವೈತ್‌ನಿಂದ ತಂದ ಒಮೇಗಾ ಸೀಮಾಸ್ಟರ್ ಆಟೋಮ್ಯಾಟಿಕ್ ವಾಚ್ ನನ್ನ ಹತ್ತಿರ ಇದೆ. ಕೊನೆಯವರೆಗೂ ಅವರು ಅದೊಂದನ್ನೇ ಕಟ್ಟಿದ್ದು. ಅವರು ಹೋಗಿ ಎರಡು ವರ್ಷವಾಯಿತು, ವಾಚ್ ಬೀರುವಿನಲ್ಲೇ ಇದೆ. ಅಲುಗಿಸಿದರೆ ಓಡುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಡಯಲ್ ಹಳದಿಯಾಗಿದೆ, ಗಾಜಿನ ತುಂಬ ಗೀರು. ಡಯಲ್‌ಗೆ ಹೊಸ ಬಣ್ಣ ಹಾಕಿಸಿ, ಪಾಲಿಶ್ ಮಾಡಿಸಿದರೆ ಹೊಸದರ ಹಾಗೆ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳಿದರು. ಮಾಡಿಸಲಾ? ಆಮೇಲೆ ನಾನೇ ದಿನಾ ಕಟ್ಟಬಹುದಾ? ಹೆಂಗಸರ ಕೈಗೆ ದೊಡ್ಡದಾಗುತ್ತಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಬೇಡ ಅಮ್ಮಾ, ಡಯಲ್ ಮುಟ್ಟಿಸಲೇಬೇಡಿ. ಉಳಿದ ಮಾತು ಆಮೇಲೆ.

ಹೊಸ ಬಣ್ಣ ಹಾಕುವವರು ಮೊದಲು ಹಳೆಯದನ್ನು ಪೂರ್ತಿ ಉಜ್ಜಿ ತೆಗೆಯುತ್ತಾರೆ. ನಿಮ್ಮಪ್ಪ ಅಷ್ಟು ವರ್ಷ ನೋಡಿದ ಮುಖ ಅಲ್ಲಿಗೆ ಹೋಯಿತು. ಆಮೇಲೆ ಅಕ್ಷರ ಹೊಸದಾಗಿ ಅಚ್ಚು ಹಾಕುತ್ತಾರೆ. ಈಗಿನ ಡಯಲನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯ ಅಕ್ಷರ ಎಷ್ಟು ಸಣ್ಣ, ಅದರ ಅಂಚು ಎಷ್ಟು ಚೂಪು! ಬಣ್ಣ ಹಾಕಿದ ಡಯಲ್‌ಗಳು ನನ್ನ ಮೇಜಿಗೆ ಬಹಳ ಬಂದಿವೆ. ಅಕ್ಷರ ದಪ್ಪ, ನಿಮಿಷದ ಗೆರೆ ಒಂದು ಉದ್ದ ಒಂದು ಗಿಡ್ಡ, ಕೆಳಗಿನ 'ಸ್ವಿಸ್ ಮೇಡ್' ಪಕ್ಕಕ್ಕೆ ಸರಿದಿರುತ್ತದೆ. ಹಳೆಯ ವಾಚ್ ಬಲ್ಲವರು ಅಂಥದ್ದಕ್ಕೆ ಬೆಲೆಯನ್ನೂ ಕಡಿಮೆ ಕಟ್ಟುತ್ತಾರೆ. ನೀವು ಮಾರುವವರಲ್ಲ, ಆದರೂ ಗೊತ್ತಿರಲಿ.

ಈ ತಪ್ಪು ನಾನೇ ಮಾಡಿದ್ದೇನೆ. ಅಂಗಡಿ ಹಾಕಿದ ಎರಡನೇ ವರ್ಷ, ನಿವೃತ್ತ ಮೇಷ್ಟ್ರೊಬ್ಬರು ಸರ್ವೀಸಿಗೆ ವಾಚ್ ಕೊಟ್ಟಿದ್ದರು. ಖುಷಿಪಡುತ್ತಾರೆ ಅಂದುಕೊಂಡು, ಕೇಳದೆ ಡಯಲನ್ನು ಬಣ್ಣಕ್ಕೆ ಕಳಿಸಿದೆ. ವಾಚ್ ಕೈಗೆ ಕೊಟ್ಟಾಗ ಅವರು ಮುಖ ನೋಡಿದರು, ತಿರುಗಿಸಿ ಬೆನ್ನು ನೋಡಿದರು, ಮತ್ತೆ ಮುಖ ನೋಡಿದರು. "ಇದು ನಂದೇನಾ ಮಾರಾಯ?" ಅಂದರು. ದುಡ್ಡು ಎಣಿಸಿಕೊಟ್ಟು ಹೊರಟುಹೋದರು. ಆಮೇಲೆ ಇವತ್ತಿನವರೆಗೆ ಒಂದು ಡಯಲನ್ನೂ ನಾನು ಬಣ್ಣಕ್ಕೆ ಕಳಿಸಿಲ್ಲ.

ಪಾಲಿಶ್‌ಗೂ ಇದೇ ಮಾತು. ಪಾಲಿಶ್ ಅಂದರೆ ಸ್ಟೀಲನ್ನು ಸವೆಸುವುದು ತಾನೇ? ಕೇಸಿನ ಚೂಪು ಅಂಚೆಲ್ಲ ಸಾಬೂನಿನ ಹಾಗೆ ದುಂಡಗಾಗುತ್ತದೆ. ನಿಮ್ಮ ವಾಚಿನ ಬೆನ್ನ ಮೇಲೆ ಅರ್ಧ ಕುದುರೆ, ಅರ್ಧ ಮೀನಿನ ಗುರುತು ಇರಬಹುದು. ಸೀಮಾಸ್ಟರ್‌ನ ಗುರುತು ಅದು. ಇದ್ದರೆ ಅದನ್ನು ಉಳಿಸಿಕೊಳ್ಳಿ.

ಗಾಜಿಗೆ ಮಾತ್ರ ಕೈ ಹಾಕಬಹುದು. ಆ ಕಾಲದ ಗಾಜು ಹೆಚ್ಚಾಗಿ ಪ್ಲಾಸ್ಟಿಕ್ಕೇ. ಸಣ್ಣ ಗೀರು ಪಾಲಿಶ್ ಪೇಸ್ಟ್‌ನಲ್ಲಿ ಹತ್ತು ನಿಮಿಷ ಉಜ್ಜಿದರೆ ಹೋಗುತ್ತದೆ. ಒಡೆದಿದ್ದರಷ್ಟೇ ಬದಲಿಸಿ. ಅದಕ್ಕೂ ಮುಂಚೆ ಬೆಳಕಿಗೆ ಓರೆಯಾಗಿ ಹಿಡಿದು ಗಾಜಿನ ನಟ್ಟನಡುವೆ ನೋಡಿ. ಸಾಸಿವೆಗಿಂತ ಸಣ್ಣದಾಗಿ ಒಮೇಗಾ ಚಿಹ್ನೆ ಕಂಡರೆ ಅದು ಕಂಪನಿಯದೇ ಗಾಜು.

ಇನ್ನು ಒಳಗಿನ ಮಶೀನ್. ತಾರೀಖು ಇರುವ ಆ ಕಾಲದ ಸೀಮಾಸ್ಟರ್ ಆದರೆ, ಒಳಗೆ 565 ನಂಬರಿನ ಮಶೀನ್ ಇರುವ ಸಾಧ್ಯತೆ ಜಾಸ್ತಿ. ನಾನು ಕೆಲಸ ಕಲಿತದ್ದು ಎಚ್‌ಎಂಟಿ ಜನತಾ ಬಿಚ್ಚಿ ಜೋಡಿಸಿ. ಅದರಲ್ಲಿ 17 ಕಲ್ಲು (ಚಕ್ರದ ಮೊನೆ ಸವೆಯದಂತೆ ಕೂರಿಸುವ ಸಣ್ಣ ಹರಳು), ಗಂಟೆಗೆ 18,000 ಬಡಿತ. ಗಟ್ಟಿ ವಾಚ್, ಈಗಲೂ ನನಗೆ ಪ್ರೀತಿ. 565ರಲ್ಲಿ 24 ಕಲ್ಲು, ಗಂಟೆಗೆ 19,800 ಬಡಿತ. ಅಂದರೆ ದಿನಕ್ಕೆ 4,75,200. ಮುಚ್ಚಳ ತೆಗೆದರೆ ಒಳಗೆಲ್ಲ ತಾಮ್ರದ ಬಣ್ಣ. ಹೊಸದಾಗಿ ಹುಳಿ ಹಚ್ಚಿ ಬೆಳಗಿದ ಚೆಂಬಿನ ಹಾಗೆ ಮಿನುಗುತ್ತದೆ. ಎಷ್ಟೋ ಸಲ ಕೆಲಸ ಮುಗಿದ ಮೇಲೂ ಸುಮ್ನೆ ನೋಡುತ್ತಾ ಕೂತಿದ್ದೇನೆ.

ಓಡುತ್ತದಲ್ಲ ಅಂತ ಹಾಗೇ ಕಟ್ಟಬೇಡಿ. ಎಣ್ಣೆ ಒಣಗಿದ್ದರೆ ಲೋಹಕ್ಕೆ ಲೋಹ ತಿಕ್ಕುತ್ತದೆ, ಸವೆದ ಭಾಗ ಸಿಗುವುದು ಕಷ್ಟ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕುವವರ ಹತ್ತಿರವೇ ಕೊಡಿ. ಮುಖ್ಯ ಸ್ಪ್ರಿಂಗ್, ಮುಚ್ಚಳದ ವಾಷರ್ ಹೊಸದು ಹಾಕಲಿ. ತೆಗೆದ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ವಾಪಸ್ ಕೊಡಿ ಅಂತ ಮೊದಲೇ ಹೇಳಿ. ಒಳ್ಳೆಯ ಕೆಲಸಗಾರನಿಗೆ ಇದರಿಂದ ಬೇಸರವಾಗುವುದಿಲ್ಲ.

ಆಮೇಲೆ ಧಾರಾಳವಾಗಿ ದಿನಾ ಕಟ್ಟಿ. ನನ್ನ ಕೈಯಲ್ಲಿರುವುದೂ ಸೀಮಾಸ್ಟರೇ, ತಾರೀಖು ಇಲ್ಲದ್ದು. ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ತಂದದ್ದು. 1983ರಲ್ಲಿ ನಾನು ಅಂಗಡಿ ಹಾಕಿದ ದಿನ ತಮ್ಮ ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದರು. ಐದು ವರ್ಷಕ್ಕೊಮ್ಮೆ ನಾನೇ ಸರ್ವೀಸ್ ಮಾಡುತ್ತೇನೆ. ರಾತ್ರಿ ಮುಖ ಮೇಲಾಗಿ ಮಲಗಿಸಿದರೆ ಬೆಳಿಗ್ಗೆಗೆ ನಾಲ್ಕು ಸೆಕೆಂಡ್ ಮುಂದೆ, ಕೀಲಿ ಕೊಡುವ ಗುಂಡಿ ಕೆಳಗಾಗಿ ನಿಲ್ಲಿಸಿದರೆ ಅಷ್ಟೇ ಹಿಂದೆ. ಹಾಗಾಗಿ ಹೇಗೆ ಇಟ್ಟು ಮಲಗಬೇಕು ಅಂತ ಆ ದಿನ ಅದು ಓಡಿದ್ದು ನೋಡಿ ತೀರ್ಮಾನಿಸುತ್ತೇನೆ. ನಿಮ್ಮದಕ್ಕೂ ಇಂಥ ಒಂದು ಅಭ್ಯಾಸ ಇದ್ದೇ ಇರುತ್ತದೆ. ಒಂದು ತಿಂಗಳು ಕಟ್ಟಿದರೆ ಗೊತ್ತಾಗುತ್ತದೆ.

ನೀರಿಗೆ ಮಾತ್ರ ಒಡ್ಡಬೇಡಿ. ಪಾತ್ರೆ ತೊಳೆಯುವಾಗ, ಆಷಾಢದ ಮಳೆಯಲ್ಲಿ ಬಿಚ್ಚಿಡಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರೊಳಗೆ ತಾರೀಖು ಬದಲಿಸಬೇಡಿ, ಒಳಗಿನ ಚಕ್ರದ ಹಲ್ಲು ಮುರಿಯಬಹುದು. ಸ್ಟ್ರಾಪ್ ಹಿಡಿದಿರುವ ಎರಡು ಸಣ್ಣ ಕಡ್ಡಿಗಳನ್ನು ಸ್ಟ್ರಾಪ್ ಬದಲಿಸುವಾಗಲೆಲ್ಲ ಹೊಸದು ಹಾಕಿಸಿ. ವಾಚ್ ಕಳೆದುಕೊಂಡು ನನ್ನ ಎದುರು ಕಣ್ಣೀರು ಹಾಕಿದವರಲ್ಲಿ ಹೆಚ್ಚಿನವರ ವಾಚ್ ಬಿದ್ದದ್ದು ಆ ಕಡ್ಡಿಯಿಂದಲೇ.

ದೊಡ್ಡದಾಗುತ್ತದೆ ಅನ್ನುವ ಯೋಚನೆ ಬಿಡಿ. ಆ ಕಾಲದ ಸೀಮಾಸ್ಟರ್ ಸಾಮಾನ್ಯವಾಗಿ 34, 35 ಮಿಲಿಮೀಟರ್ ಅಷ್ಟೇ. ಅಪ್ಪನ ಸ್ಟ್ರಾಪ್ ಬಿಚ್ಚಿ ಎತ್ತಿಡಿ, ನಿಮ್ಮ ಕೈಗೆ ಗಿಡ್ಡದೊಂದು ಹಾಕಿಸಿ.

ಪ್ರಶ್ನೆ: ನನ್ನ ಹಳೆಯ ಟಿಸ್ಸೋ ವಾಚ್ ಸರಿಯಾಗಿಯೇ ಇತ್ತು. ಹೋದ ವಾರದಿಂದ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. ರಿಪೇರಿಗೆ ಕೊಡಲಾ?
– ಓದುಗರೊಬ್ಬರು, ಶಿರಸಿ

ಉತ್ತರ: ಬಿಚ್ಚಿಸುವ ಮುಂಚೆ ಒಂದು ದಿಕ್ಸೂಚಿಯ ಹತ್ತಿರ ವಾಚ್ ಹಿಡಿದು ನೋಡಿ. ಸೂಜಿ ಅಲುಗಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ. ಸ್ಪೀಕರ್, ಮ್ಯಾಗ್ನೆಟ್ ಇರುವ ಮೊಬೈಲ್ ಕವರ್ ಪಕ್ಕ ಇಟ್ಟಿದ್ದಿರಾ? ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದರೆ ವಾಚ್ ಹೀಗೆ ಓಡತೊಡಗುತ್ತದೆ. ಅಯಸ್ಕಾಂತ ತೆಗೆಯುವ ಯಂತ್ರ ವಾಚ್ ರಿಪೇರಿಯವರ ಹತ್ತಿರ ಇರುತ್ತದೆ. ಐದು ನಿಮಿಷದ ಕೆಲಸ, ಮುಚ್ಚಳ ತೆಗೆಯುವುದೂ ಬೇಡ. ಆಮೇಲೂ ಮುಂದೆ ಓಡಿದರೆ ನನಗೆ ಬರೆಯಿರಿ.